ಕತ್ತಿನ ನಳಿಕೆ ಎಲ್ಲಿಗೆ ಹೋಯಿತು ಅಂತ ನೋಡಿದವರು ಯಾರು? ಆರೋಗ್ಯ ಸಚಿವರಿಗೆ ಐಸಿಯು ಸಿಸ್ಟರ್ ಒಬ್ಬಳ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ತಪ್ಪು ಜಾಗಕ್ಕೆ ಹೋಗದಂತೆ ತಡೆಯುವುದು, ಹೋದಾಗ ರೋಗಿಯನ್ನು ಉಳಿಸಿಕೊಳ್ಳುವುದು.

ಮಾನ್ಯರೇ,

ನಾನು 17 ವರ್ಷದಿಂದ ಐಸಿಯುನಲ್ಲಿ ಸ್ಟಾಫ್ ನರ್ಸ್. ಮೊದಲು ಎರಡು ಖಾಸಗಿ ಆಸ್ಪತ್ರೆ, ಆಮೇಲೆ ಒಂದು ಬೋಧಕ ಆಸ್ಪತ್ರೆ. ಯಾವ ಊರು, ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಒಬ್ಬ ಚಿಕ್ಕ ಡಾಕ್ಟರ ಮೇಲೆ ಎಲ್ಲವನ್ನೂ ಹೊರಿಸಿ ಫೈಲ್ ಮುಚ್ಚುತ್ತಾರೆ. ನಾನು ಹೇಳಬೇಕಾಗಿರುವುದು ಅಷ್ಟು ಸುಲಭಕ್ಕೆ ಮುಚ್ಚುವಂಥದ್ದಲ್ಲ.

ನಿಮ್ಮ ಮೇಜಿನ ಮೇಲೆ ಆಸ್ಪತ್ರೆ ಕಟ್ಟಡ, ಹಾಸಿಗೆ, ಹೊಸ ಕಾಲೇಜು ಅಂತ ದೊಡ್ಡ ದೊಡ್ಡ ವಿಷಯಗಳಿರುತ್ತವೆ. ನನ್ನದು ಪೆನ್ನಿನ ರೀಫಿಲ್‌ನಷ್ಟು ದಪ್ಪದ, ಗೇಣುದ್ದದ ಒಂದು ಪ್ಲಾಸ್ಟಿಕ್ ನಳಿಕೆಯ ವಿಷಯ. ಐಸಿಯು ಒಳಗೆ ನಿಮ್ಮವರನ್ನು ನೋಡಲು ಹೋಗಿದ್ದರೆ ಕಂಡಿರುತ್ತೀರಿ. ಕತ್ತಿನ ಪಕ್ಕದಲ್ಲಿ ಹೊಲಿಗೆ ಹಾಕಿ ನಿಲ್ಲಿಸಿರುತ್ತಾರೆ. ಹೊರಗೆ ಮೂರು ಬಾಲ, ಕಂದು, ನೀಲಿ, ಬಿಳಿ. ನಾವು ಅದನ್ನು ಸೆಂಟ್ರಲ್ ಲೈನ್ ಅನ್ನುತ್ತೇವೆ. ಕೈಯಲ್ಲಿ ನರ ಸಿಗದಿದ್ದಾಗ, ಬಿಪಿ ಏರಿಸುವ ಔಷಧಿಯನ್ನು ದಿನಗಟ್ಟಲೆ ಹರಿಸಬೇಕಾದಾಗ ಇದು ಬೇಕೇ ಬೇಕು. ಅರ್ಜೆಂಟ್ ಡಯಾಲಿಸಿಸ್ ಅಂದರೆ ಇದರದ್ದೇ ಇನ್ನೂ ದಪ್ಪಗಿನ ತಮ್ಮ ಬೇಕು. ಸೆಂಟ್ರಲ್ ಲೈನ್ ಬೇಡ ಅಂತ ಹೇಳಲು ನಾನು ಬರೆಯುತ್ತಿಲ್ಲ. ಅದರಿಂದ ಬದುಕಿದವರನ್ನು ನಾನು ಲೆಕ್ಕ ಇಟ್ಟಿಲ್ಲ, ಅಷ್ಟು ಜನ.

ಹಾಕುವ ವಿಧಾನ ಸರಳ. ಕತ್ತಿನಲ್ಲೋ, ಕಾಲರ್ ಮೂಳೆಯ ಕೆಳಗೋ, ತೊಡೆಯ ಸಂದಿನಲ್ಲೋ ಸೂಜಿ ಚುಚ್ಚುತ್ತಾರೆ. ಸೂಜಿಯೊಳಗಿಂದ ತೆಳ್ಳಗಿನ ತಂತಿ ಬಿಡುತ್ತಾರೆ. ಸೂಜಿ ತೆಗೆದು, ತಂತಿಯ ಮೇಲೆ ಡೈಲೇಟರ್ ಓಡಿಸಿ ದಾರಿ ಅಗಲ ಮಾಡುತ್ತಾರೆ. ಕೊನೆಗೆ ಅದೇ ತಂತಿಯ ಮೇಲೆ ನಳಿಕೆ ಜಾರಿಸಿ, ತಂತಿ ಹೊರಗೆ ಎಳೆಯುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ರೇಡಿಯಾಲಜಿಸ್ಟ್ 1953ರಲ್ಲಿ ಪ್ರಕಟಿಸಿದ ವಿಧಾನ, ಇವತ್ತಿಗೂ ಅದೇ. ಕತ್ತಿನ ಅಥವಾ ಕಾಲರ್ ಮೂಳೆಯ ಕೆಳಗಿನ ಲೈನ್ ಆದರೆ ಅದರ ತುದಿ ನಿಲ್ಲಬೇಕಾದ ಜಾಗ ಬಹಳ ಚಿಕ್ಕದು. ಎದೆಯ ದೊಡ್ಡ ವೇನ್ ಹೃದಯಕ್ಕೆ ಸೇರುವ ಆಸುಪಾಸಿನ ಕೆಲವೇ ಸೆಂಟಿಮೀಟರ್. ಜಾಸ್ತಿ ಒಳಗೆ ಹೋದರೆ ಹೃದಯದ ಗೋಡೆಗೆ ತಾಗಿ ಬಡಿತ ಏರುಪೇರಾಗುತ್ತದೆ. ಕಾಲರ್ ಮೂಳೆಯ ಕೆಳಗಿಂದ ಹಾಕಿದ್ದು ಕೆಳಗಿಳಿಯುವ ಬದಲು ತಿರುಗಿ ಕತ್ತಿನ ಕಡೆ ಏರಬಹುದು. ರಕ್ತನಾಳವನ್ನೇ ಬಿಟ್ಟು ಶ್ವಾಸಕೋಶದ ಸುತ್ತಲ ಜಾಗಕ್ಕೂ ಹೋಗಬಹುದು. ಎಲ್ಲಕ್ಕಿಂತ ಅಪಾಯದ್ದು ಆರ್ಟರಿಗೆ ಹೋಗುವುದು. ಶಾಲೆಯಲ್ಲಿ ಅಭಿಧಮನಿ, ಅಪಧಮನಿ ಅಂತ ಓದಿದ್ದು ನೆನಪಿದೆಯಲ್ಲ, ಅದೇ ವೇನ್, ಅದೇ ಆರ್ಟರಿ. ಕತ್ತಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಎಷ್ಟೋ ಜನರಲ್ಲಿ ಒಂದರ ಮೇಲೊಂದು ಇರುತ್ತವೆ. ಆ ಆರ್ಟರಿ ನೇರವಾಗಿ ಮಿದುಳಿಗೆ ಹೋಗುತ್ತದೆ.

ಈಗ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ರೋಗಿಯ ಗುರುತು ಸಿಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ.

ಹೆಂಗಸು, 50 ದಾಟಿದವರು. ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೆಟ್ಟು ನಂಜು ಮೈಗೆಲ್ಲ ಏರಿತ್ತು. ಬಂದಾಗ ಮೇಲಿನ ಬಿಪಿ 70. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್ 80ರ ಹತ್ತಿರವೇ ಆಡುತ್ತಿತ್ತು. ಡ್ಯೂಟಿಯಲ್ಲಿ ಎರಡನೇ ವರ್ಷದ ಪಿಜಿ, ಅಂದರೆ ಸ್ನಾತಕೋತ್ತರ ಓದುತ್ತಿರುವ ಡಾಕ್ಟರು, ಒಬ್ಬರೇ. ಹಿಂದಿನ ದಿನ ಬೆಳಗ್ಗೆ ಬಂದವರು ಇನ್ನೂ ರೂಮಿಗೆ ಹೋಗಿರಲಿಲ್ಲ. ಅಲ್ಟ್ರಾಸೌಂಡ್ ಬೇಕು ಅಂತ ಅವರೇ ಕೇಳಿದರು. ಅದನ್ನು ನಾನು ಮರೆಯುವುದಿಲ್ಲ. ಮಷೀನ್ ಕೆಳಗಿನ ಮಹಡಿಯ ರೇಡಿಯಾಲಜಿಯಲ್ಲಿತ್ತು, ಬೀಗ ಹಾಕಿತ್ತು, ಕೀ ಇದ್ದವರು ಮನೆಯಲ್ಲಿದ್ದರು. ಕೈಯಲ್ಲೇ ಮುಟ್ಟಿ ಅಂದಾಜು ನೋಡಿ ಬಲಗಡೆ ಕತ್ತಿಗೆ ಚುಚ್ಚಿದರು. ಮೂರನೇ ಸಲಕ್ಕೆ ಸಿರಿಂಜಿಗೆ ರಕ್ತ ಬಂತು. ಕಪ್ಪಗಿತ್ತು. ಚಿಮ್ಮಲಿಲ್ಲ. "ವೇನ್‌ನಲ್ಲೇ ಇದ್ದೀವಿ ಸಿಸ್ಟರ್" ಅಂದರು. ನಾನೂ ಹಾಗೇ ಅಂದುಕೊಂಡೆ. ತಂತಿ ಕೈಗೆ ಕೊಟ್ಟೆ.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಗಟ್ಟಿಮುಟ್ಟಾಗಿರುವವರ ಆರ್ಟರಿ ರಕ್ತ ಕೆಂಪಗಿರುತ್ತದೆ, ಚಿಮ್ಮುತ್ತದೆ. ಬಿಪಿ ನೆಲ ಕಚ್ಚಿ ಆಕ್ಸಿಜನ್ ಇಲ್ಲದವರಲ್ಲಿ ಆರ್ಟರಿ ರಕ್ತವೂ ಕಪ್ಪಗೆ, ನಿಧಾನಕ್ಕೆ ಬರುತ್ತದೆ. ಸೆಂಟ್ರಲ್ ಲೈನ್ ಬೇಕಾಗುವುದು ಇಂಥವರಿಗೇ ಅಲ್ವಾ? ಅಂದರೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಕಣ್ಣು ಸುಳ್ಳು ಹೇಳುತ್ತದೆ. ಬಣ್ಣವನ್ನೋ ಚಿಮ್ಮುವುದನ್ನೋ ನಂಬಿ ತೀರ್ಮಾನ ಮಾಡಬೇಡಿ ಅಂತ ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. 2012ರಲ್ಲಿ ಬಂದದ್ದು, 2020ರಲ್ಲಿ ಪರಿಷ್ಕರಿಸಿದ್ದು. ನಮ್ಮ ಡಾಕ್ಟರುಗಳೂ ಓದಿರುತ್ತಾರೆ. ಓದಿದ್ದು ರಾತ್ರಿ ಹನ್ನೆರಡು ಗಂಟೆಗೆ ನೆನಪಾಗಬೇಕಲ್ಲ.

ಡೈಲೇಟರ್ ಹೋಯಿತು, ನಳಿಕೆ ಹೋಯಿತು, ಹೊಲಿಗೆ ಬಿತ್ತು. ಬಿಪಿ ಬೀಳುತ್ತಿದ್ದುದರಿಂದ ಎಕ್ಸ್-ರೇ ಕಾಯದೆ ಔಷಧಿ ಶುರು ಮಾಡಿದೆವು. ಪಂಪ್ ಹಾಕಿದವಳು ನಾನೇ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಲಕ್ಕೆ ಹಾಕಿದ್ದ ಸಲೈನ್ ಇಳಿಯದೆ ನಿಂತಿತು. ನೋಡಿದರೆ ಟ್ಯೂಬಿನಲ್ಲಿ ರಕ್ತ ಮೇಲಕ್ಕೆ ಏರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ವೇನ್‌ನಲ್ಲಿ ಹಾಗಾಗಬಾರದು. "ಡಾಕ್ಟ್ರೇ, ಒಂದ್ಸಲ ಲೈನಿನ ಪ್ರೆಶರ್ ನೋಡಿಬಿಡೋಣ" ಅಂದೆ. "ಬಾಟ್ಲಿ ಸ್ವಲ್ಪ ಮೇಲೆ ಕಟ್ಟಿ ಸಿಸ್ಟರ್, ಸರಿ ಹೋಗುತ್ತೆ" ಅಂದರು. ಕಟ್ಟಿದೆ. ಇನ್ನೊಂದು ಸಲ ಹೇಳಲಿಲ್ಲ. ಇವತ್ತಿಗೂ ನನ್ನನ್ನು ಕಾಡುವುದು ಆ ಎರಡನೇ ಸಲ.

ಎಕ್ಸ್-ರೇ ಆಗುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಇಡೀ ಆಸ್ಪತ್ರೆಗೆ ರಾತ್ರಿ ಒಬ್ಬರೇ ಟೆಕ್ನಿಷಿಯನ್. ಫಿಲ್ಮಿನಲ್ಲಿ ನಳಿಕೆ ಬೆನ್ನುಮೂಳೆಯ ಬಲಗಡೆ ನೇರ ಇಳಿಯಬೇಕಿತ್ತು. ಅದು ನಡು ಎದೆಯ ಕಡೆ ತಿರುಗಿ ಎಡಕ್ಕೆ ದಾಟಿತ್ತು. ಅಂದರೆ ಆರ್ಟರಿಯಲ್ಲಿತ್ತು. ಪಿಜಿ ಮುಖ ಬಿಳುಚಿಕೊಂಡಿತು. ಸೀನಿಯರ್‌ಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಮಾತು ಮೂರೇ: "ತೆಗಿ, ಒತ್ತಿ ಹಿಡಿ."

ತೆಗೆದರು. ಒತ್ತಿ ಹಿಡಿದೆವು. ಅರ್ಧ ಗಂಟೆಯಲ್ಲಿ ಕತ್ತು ತೆಂಗಿನಕಾಯಿಯಂತೆ ಊದಿಕೊಂಡಿತು. ಉಸಿರಾಟದ ದಾರಿ ಮುಚ್ಚತೊಡಗಿ ವೆಂಟಿಲೇಟರ್ ಹಾಕಬೇಕಾಯಿತು. ಮರುದಿನ ನಿದ್ದೆಯ ಔಷಧಿ ಇಳಿಸಿದಾಗ ಎಡಗೈ, ಎಡಗಾಲು ಆಡಲಿಲ್ಲ. ಕೇಸ್ ಶೀಟಿನಲ್ಲಿ ಬರೆದದ್ದು ಒಂದೇ ಸಾಲು. ಲೈನ್ ಸರಿಯಾಗಿ ಕೆಲಸ ಮಾಡದ ಕಾರಣ ತೆಗೆಯಲಾಯಿತು. ಮನೆಯವರಿಗೆ ಹೇಳಿದ್ದು ಸೋಂಕು ಮಿದುಳಿಗೆ ಏರಿದೆ ಅಂತ. ಅವರ ಮಗಳು ಬಾಗಿಲ ಹತ್ತಿರ ನನ್ನ ಕೈ ಹಿಡಿದು ಕೇಳಿದಳು: "ಸಿಸ್ಟರ್, ಅಮ್ಮನ ಕತ್ತು ಯಾಕೆ ಊದಿದೆ?" ನಾನು "ಡಾಕ್ಟ್ರನ್ನ ಕೇಳಮ್ಮ" ಅಂದು ಒಳಗೆ ಹೋದೆ.

ಆಕೆ ಬದುಕಿದರು. ಗಾಲಿಕುರ್ಚಿಯಲ್ಲಿ ಮನೆಗೆ ಹೋದರು.

ಆ ಪಿಜಿಯನ್ನು ಮಾತ್ರ ದೂರುವುದು ನನ್ನಿಂದ ಆಗುವುದಿಲ್ಲ. ಅವರು ಕೇಳಿದ ಮಷೀನ್ ಬಂದಿದ್ದರೆ? ನಾನು ಎರಡನೇ ಸಲ ಬಾಯಿ ಬಿಟ್ಟಿದ್ದರೆ? ಫೋನಿನಲ್ಲಿ ಬಂದ ಮಾತು ಬೇರೆ ಆಗಿದ್ದರೆ? ಮೂರು ಕಡೆ ತಡೆಯಬಹುದಿತ್ತು. ಮೂರರಲ್ಲೂ ವ್ಯವಸ್ಥೆಯೇ ಇರಲಿಲ್ಲ. ಆ ಮೂರನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಷೀನ್‌ನಿಂದ ಶುರು ಮಾಡುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಚುಚ್ಚಿದರೆ ವೇನ್ ಒತ್ತಿದಾಗ ಚಪ್ಪಟೆಯಾಗುವುದು, ಆರ್ಟರಿ ಗುಂಡಗೆ ಮಿಡಿಯುವುದು ಎದುರಿಗೇ ಕಾಣುತ್ತದೆ. ಡೈಲೇಟರ್ ಹಾಕುವ ಮುಂಚೆ ತಂತಿ ಯಾವುದರಲ್ಲಿದೆ ಅಂತಲೂ ನೋಡಬಹುದು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಕತ್ತಿನ ಲೈನ್‌ಗೆ ಇದನ್ನೇ ಬಳಸಿ ಅಂತ 2002ರಲ್ಲೇ ಹೇಳಿತ್ತು. ನಮ್ಮಲ್ಲಿ ಮಷೀನ್ ಇರುವ ಆಸ್ಪತ್ರೆಗಳಲ್ಲೂ ಅದು ಐಸಿಯುಗೆ ಬರುವುದಿಲ್ಲ. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ, ಪಿಸಿಪಿಎನ್‌ಡಿಟಿ, ಅಂದರೆ ಭ್ರೂಣದ ಲಿಂಗ ಪತ್ತೆ ತಡೆಯುವ ಕಾಯ್ದೆ.

ಆ ಕಾಯ್ದೆಯ ವಿರುದ್ಧ ನಾನು ಒಂದು ಮಾತೂ ಆಡುವುದಿಲ್ಲ. ನಾನೂ ಹೆಣ್ಣು, ನನಗೂ ಮಗಳಿದ್ದಾಳೆ. 1994ರಿಂದ ಈ ಕಾಯ್ದೆ ಇರುವುದು ಭ್ರೂಣಹತ್ಯೆ ತಡೆಯಲು. ಪ್ರತಿ ಮಷೀನೂ ನೋಂದಣಿ ಆಗಬೇಕು, ಸಾಗಿಸಬಹುದಾದ ಮಷೀನನ್ನು ಎಲ್ಲಿ ಬಳಸಬಹುದು ಅನ್ನುವುದಕ್ಕೂ ಕಟ್ಟುನಿಟ್ಟು ಇದೆ. ಆದರೆ ಕತ್ತಿನ ನಾಳ ನೋಡಬೇಡಿ ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಯಾವ ಕೋಣೆ, ಯಾರ ಹೆಸರು, ಯಾವ ರಿಜಿಸ್ಟರ್ ಅನ್ನುವ ಗೊಂದಲಕ್ಕೆ ಹೆದರಿ ಆಸ್ಪತ್ರೆಯವರು ಬೀಗ ಹಾಕಿ ಇಡುತ್ತಾರೆ, ಸುಮ್ನೆ ತಲೆನೋವು ಯಾಕೆ ಅಂತ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದದ್ದು ಬಯಲಾಯಿತಲ್ಲ, ನಿಮಗೆ ನೆನಪಿರಬೇಕು. ಕಳ್ಳರ ಮಷೀನ್ ಕಬ್ಬಿನ ಗದ್ದೆಗೆ ಹೋಗುತ್ತದೆ. ಸಾಯುತ್ತಿರುವವರ ಕತ್ತು ನೋಡಲು ಅದು ಒಂದು ಮಹಡಿ ಮೇಲೆ ಬರುವುದಿಲ್ಲ.

ನಮಗೆ ಬೇಕಾಗಿರುವುದು ಇಲಾಖೆಯಿಂದ ಒಂದು ಸ್ಪಷ್ಟ ಸುತ್ತೋಲೆ. ಐಸಿಯು, ತುರ್ತು ವಿಭಾಗ, ಡಯಾಲಿಸಿಸ್ ಘಟಕಕ್ಕೆ ಅಂತಲೇ ಮಷೀನ್ ನೋಂದಾಯಿಸುವುದು ಹೇಗೆ, ಬಳಸುವ ಡಾಕ್ಟರ ಹೆಸರು ಸೇರಿಸುವುದು ಹೇಗೆ, ರಿಜಿಸ್ಟರ್‌ನಲ್ಲಿ ಏನು ಬರೆಯಬೇಕು ಅಂತ ಕನ್ನಡದಲ್ಲಿ ಎರಡು ಪುಟ. ಅರ್ಜಿ ಹಾಕಿದವರಿಗೆ ಜಿಲ್ಲೆಯ ಸಕ್ಷಮ ಪ್ರಾಧಿಕಾರ ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ಒಂದು ಗಡುವು. ರಕ್ತನಾಳ ನೋಡುವ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಭಾಗ) ಬೇರೆ, ಹೊಟ್ಟೆ ನೋಡುವ ಪ್ರೋಬ್ ಬೇರೆ. ಐಸಿಯುಗೆ ಮೊದಲನೆಯದು ಮಾತ್ರ ಇರುವ ಮಷೀನ್ ಸಾಕು ಅಂತಾದರೆ ದುರುಪಯೋಗದ ಭಯವೂ ಕಡಿಮೆ. ಇದನ್ನು ಕಾಯ್ದೆ ತಿಳಿದವರ ಜೊತೆ ಕೂತು ಯೋಚಿಸಿ.

ಮಷೀನ್ ಇಲ್ಲದ ತಾಲ್ಲೂಕಿನಲ್ಲಿ ಏನು ಮಾಡುವುದು ಅಂತ ಕೇಳಬಹುದು. ಅದಕ್ಕೂ ದಾರಿ ಇದೆ, ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡೈಲೇಟರ್ ಹಾಕುವ ಮುಂಚೆ ನಾಳದೊಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕ್ಯಾನುಲಾ ಬಿಟ್ಟು ಅದಕ್ಕೆ ಮೊಳದುದ್ದದ ಸ್ಟೆರೈಲ್ ಟ್ಯೂಬ್ ಜೋಡಿಸಬೇಕು. ಟ್ಯೂಬ್ ತಗ್ಗಿಸಿ ರಕ್ತ ತುಂಬಲು ಬಿಟ್ಟು, ಆಮೇಲೆ ನೇರ ಮೇಲಕ್ಕೆ ಎತ್ತಿ ಹಿಡಿಯಬೇಕು. ವೇನ್ ಆದರೆ ರಕ್ತ ಇಳಿದು ಕೆಳಗೆ ನಿಲ್ಲುತ್ತದೆ. ಆರ್ಟರಿ ಆದರೆ ಮಿಡಿಯುತ್ತಾ ಮೇಲೇರುತ್ತದೆ. ಒಂದು ನಿಮಿಷದ ಕೆಲಸ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಇದ್ದರೆ ಮಾನಿಟರ್‌ನಲ್ಲೇ ಅಲೆ ನೋಡಬಹುದು. ಆ ರಾತ್ರಿ ಟ್ಯೂಬಿನಲ್ಲಿ ರಕ್ತ ಏರಿ ನನಗೆ ಹೇಳಿದ್ದೂ ಇದೇ ಮಾತು, ಆದರೆ ನಳಿಕೆ ಹೋದ ಮೇಲೆ.

ಎಕ್ಸ್-ರೇ ಬಗ್ಗೆ ಒಂದು ಮಾತು. ನರ್ಸಿಂಗ್ ಕಲಿಯುವಾಗ ನಮ್ಮ ಮೇಡಂ ಒಬ್ಬರು ಹೇಳಿದ ಕಥೆ ನನಗೆ ಇನ್ನೂ ನೆನಪಿದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಅನ್ನುವ ಎಳೆಯ ಡಾಕ್ಟರು ತಮ್ಮ ತೋಳಿನ ನಾಳದಿಂದ ಹೃದಯದವರೆಗೆ ತಾವೇ ನಳಿಕೆ ತೂರಿಸಿಕೊಂಡರು. ಮೇಲಿನವರು ಬೇಡ ಅಂದಿದ್ದರು. ಸಲಕರಣೆಯ ಕೀ ಇದ್ದದ್ದು ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಹತ್ತಿರ. ನನ್ನ ಮೇಲೆ ಮಾಡಿ ಅಂತ ಅವಳು ಒಪ್ಪಿಕೊಂಡಳು. ಇವರು ಅವಳನ್ನು ಟೇಬಲ್‌ಗೆ ಕಟ್ಟಿ, ಅವಳಿಗೆ ಮಾಡುವಂತೆ ನಟಿಸಿ, ತಮ್ಮ ಕೈಗೇ ಚುಚ್ಚಿಕೊಂಡರು! ಆಮೇಲೆ 1956ರಲ್ಲಿ ನೊಬೆಲ್ ಬಂತು. ಕ್ಲಾಸಿನಲ್ಲಿ ನಾವೆಲ್ಲ ಕಟ್ಟಿ ಹಾಕಿಸಿಕೊಂಡ ನರ್ಸ್ ಬಗ್ಗೆ ನಕ್ಕಿದ್ದೆವು. ಈಗ ಆ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಬೇರೆ. ನಳಿಕೆ ತೂರಿಸಿಕೊಂಡ ಮನುಷ್ಯ ಅದೇ ಸ್ಥಿತಿಯಲ್ಲಿ ಕೆಳಗಿನ ಎಕ್ಸ್-ರೇ ಕೋಣೆಗೆ ನಡೆದುಹೋಗಿ ತುದಿ ಎಲ್ಲಿದೆ ಅಂತ ನೋಡಿದರು. ಮೊದಲನೇ ದಿನವೇ ನೋಡಿದರು.

ನಾವು ಹಾಕಿ, ಔಷಧಿ ಬಿಟ್ಟು, ಬೆಳಗಿನ ರೌಂಡ್ಸ್‌ನಲ್ಲಿ ಫಿಲ್ಮ್ ನೋಡುತ್ತೇವೆ. ಪ್ರಾಣ ಹೋಗುವಂಥ ತುರ್ತಿನಲ್ಲಿ ಎಕ್ಸ್-ರೇವರೆಗೆ ಕಾಯಲು ಆಗುವುದಿಲ್ಲ, ಒಪ್ಪುತ್ತೇನೆ. ಅಂಥಾ ಹೊತ್ತಿನಲ್ಲೂ ಪ್ರೆಶರ್ ನೋಡದೆ ಪಂಪ್ ಹಾಕಬಾರದು. ಎಕ್ಸ್-ರೇ ಆದ ಮೇಲೆ ಅದನ್ನು ನೋಡಿದವರು ಯಾರು, ಎಷ್ಟು ಗಂಟೆಗೆ, ತುದಿ ಎಲ್ಲಿದೆ ಅಂತ ಕೇಸ್ ಶೀಟಿನಲ್ಲಿ ಸಹಿ ಬೀಳಬೇಕು. ಈಗ "ಎಕ್ಸ್-ರೇ ಆಗಿದೆ" ಅಂತ ಬರೆದರೆ ಮುಗಿಯಿತು. ಆಗಿದೆ, ಸರಿ. ನೋಡಿದವರು ಯಾರು?

ನೋಡಲು ಕಲಿಸುವುದೂ ಬೇಕು. ಕೆಲವರಲ್ಲಿ ಹುಟ್ಟಿನಿಂದಲೇ ಎದೆಯ ಎಡಗಡೆ ಇನ್ನೊಂದು ದೊಡ್ಡ ವೇನ್ ಇರುತ್ತದೆ. ಸಾವಿರಕ್ಕೆ ಮೂರರಿಂದ ಐದು ಜನರಲ್ಲಿ. ಅವರಿಗೆ ಎಡಗಡೆಯಿಂದ ಹಾಕಿದ ಲೈನ್ ಎಡಗಡೆಯೇ ಇಳಿದಿರುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ವೇನ್‌ನಲ್ಲೇ ಇರುತ್ತದೆ. ಹಾಗಾಗಿ ವಿಚಿತ್ರ ಕಂಡ ತಕ್ಷಣ ಗಾಬರಿಯಲ್ಲಿ ಎಳೆಯುವುದೂ ತಪ್ಪು. ಪ್ರೆಶರ್ ನೋಡಿ, ರಕ್ತ ಪರೀಕ್ಷೆ ಮಾಡಿ, ಬೇಕಾದರೆ ಸಿಟಿ ಮಾಡಿ ತೀರ್ಮಾನಿಸಬೇಕು.

ಎರಡನೆಯದು ನಮ್ಮ ಬಾಯಿ. ಇದಕ್ಕೆ ಇನ್ನೊಂದು ಘಟನೆ ಹೇಳಲೇಬೇಕು, ಒಳ್ಳೆಯದು. ಹಿಂದೆ ಕೆಲಸ ಮಾಡಿದ ಒಂದು ಕಡೆ ಹಳ್ಳಿಯ ಅಜ್ಜ ಒಬ್ಬರಿಗೆ ಕಾಲರ್ ಮೂಳೆಯ ಕೆಳಗೆ ಲೈನ್ ಹಾಕಿದ್ದರು. ನಾನು ಸಲೈನ್ ಫ್ಲಶ್ ಮಾಡಿದೆ. ಅಜ್ಜ ತಲೆ ಒದರಿ, "ಏನವ್ವಾ, ಕಿವಿಯಾಗ ನೀರು ಹರದಂಗಾತು" ಅಂದರು. ಮತ್ತೆ ಮಾಡಿದೆ, ಮತ್ತೆ ಹಾಗೇ ಅಂದರು. ಪಕ್ಕದಲ್ಲಿದ್ದವರು ಜ್ವರದ ಬಡಬಡಿಕೆ ಅಂತ ನಕ್ಕರು. ಅಲ್ಲಿದ್ದ ಅರಿವಳಿಕೆ ಡಾಕ್ಟರು ಮಾತ್ರ ನಗಲಿಲ್ಲ. ಕೆಳಗಿಳಿಯಬೇಕಾದ ಲೈನ್ ಕತ್ತಿನ ಕಡೆ ಏರಿದ್ದರೆ ರೋಗಿಗೆ ಕಿವಿಯ ಹತ್ತಿರ ಹಾಗೆ ಕೇಳಿಸುತ್ತದಂತೆ. "ಅಜ್ಜ ಎಕ್ಸ್-ರೇಗಿಂತ ಮುಂಚೆ ರಿಪೋರ್ಟ್ ಕೊಟ್ಟುಬಿಟ್ರು" ಅಂದರು. ಫಿಲ್ಮ್ ಬಂದಾಗ ನೋಡಿದರೆ ನಿಜ. ಮತ್ತೆ ತಂತಿ ಹಾಕಿ ಸರಿ ಮಾಡಿದರು. ಅಜ್ಜನಿಗೆ ಏನೂ ಆಗಲಿಲ್ಲ.

ಅಲ್ಲಿ ಅಜ್ಜ ಹೇಳಿದರು, ನಾನು ಹೇಳಿದೆ, ಡಾಕ್ಟರು ಕೇಳಿಸಿಕೊಂಡರು. ಅಷ್ಟೇ ವ್ಯತ್ಯಾಸ. ಅದು ಆ ಡಾಕ್ಟರ ಒಳ್ಳೆಯ ಗುಣ. ಇನ್ನೊಬ್ಬರ ಗುಣದ ಮೇಲೆ ರೋಗಿಯ ಪ್ರಾಣ ನಿಂತಿರಬಾರದು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ಲೈನ್ ಸೋಂಕು ತಡೆಯಲು ಐದು ಅಂಶದ ಒಂದು ಸಣ್ಣ ಪಟ್ಟಿ ಹಿಡಿದವು. ಪಟ್ಟಿ ತಪ್ಪಿದರೆ ಕೆಲಸ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾವಿರ ಲೈನ್-ದಿನಕ್ಕೆ (ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್-ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಿಗೆ ಸೊನ್ನೆ ಆಗಿತ್ತು. ಅದು ಸೋಂಕಿನ ಲೆಕ್ಕ, ತಪ್ಪು ಜಾಗದ ಲೆಕ್ಕ ಅಲ್ಲ. ಆದರೂ ಪಾಠ ಒಂದೇ. ನಮ್ಮಲ್ಲೂ ಪಟ್ಟಿ ಅಂಟಿಸಿದ ಗೋಡೆಗಳಿವೆ. ಪಟ್ಟಿಯ ಹೆಸರಲ್ಲಿ "ನಿಲ್ಲಿ" ಅನ್ನುವ ಸಿಸ್ಟರ್‌ಗೆ ಬೆನ್ನಿಗೆ ಯಾರೂ ಇಲ್ಲ. ಎರಡು ಸಲ ಹೇಳಿದರೆ ಮುಂದಿನ ತಿಂಗಳು ವಾರ್ಡ್ ಬದಲಾಗುತ್ತದೆ.

ಸರ್ಕಾರಿ ಆದೇಶದಲ್ಲಿ ಒಂದು ಸಾಲು ಬರಲಿ. ಲೈನ್ ಹಾಕುವಾಗ ಜೊತೆಗಿರುವ ನರ್ಸ್ ಅನುಮಾನ ಹೇಳಿದರೆ ಪರೀಕ್ಷಿಸದೆ ಮುಂದುವರಿಯುವಂತಿಲ್ಲ. ತಂತಿ ಹೊರಗೆ ಬಂತು ಅಂತ ಹಾಕಿದವರು ಗಟ್ಟಿಯಾಗಿ ಹೇಳಬೇಕು, ನಾವು ಬರೆದುಕೊಳ್ಳಬೇಕು. ತಂತಿ ಒಳಗೇ ಜಾರಿ ಉಳಿದುಬಿಡುವುದೂ ಉಂಟು. ಇಂಗ್ಲೆಂಡಿನಲ್ಲಿ ಅದು ಎಂದೂ ಆಗಬಾರದ ಘಟನೆಗಳ ಪಟ್ಟಿಯಲ್ಲಿದೆ. ನಮ್ಮ ಐಸಿಯುನಲ್ಲಿ ಈಗ ನಾನು ತಂತಿಯನ್ನು ಕಣ್ಣಾರೆ ನೋಡದೆ ಟ್ರೇ ಎತ್ತುವುದಿಲ್ಲ. ಹುಡುಗ ಡಾಕ್ಟರುಗಳು ನನಗೆ "ವೈರ್ ಸಿಸ್ಟರ್" ಅಂತ ಹೆಸರಿಟ್ಟಿದ್ದಾರಂತೆ. ಇಡಲಿ.

ಮೂರನೆಯದು ಆ ಫೋನಿನ ಮಾತು. ಸಣ್ಣ ಸೂಜಿ ಮಾತ್ರ ಆರ್ಟರಿಗೆ ತಾಗಿದ್ದರೆ ತೆಗೆದು ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡೈಲೇಟರ್ ಅಥವಾ ದಪ್ಪ ನಳಿಕೆ ಹೋಗಿದ್ದರೆ ಎಳೆಯಬಾರದು. ಹಾಗೇ ಬಿಟ್ಟು, ಅದರಲ್ಲಿ ಔಷಧಿ ನಿಲ್ಲಿಸಿ, ಮುಚ್ಚಿ, ರಕ್ತನಾಳದ ಸರ್ಜನ್‌ಗೋ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್‌ಗೋ (ಸ್ಕ್ಯಾನ್ ನೋಡುತ್ತಾ ನಾಳದೊಳಗಿಂದಲೇ ರಿಪೇರಿ ಮಾಡುವ ಡಾಕ್ಟರು) ಕೂಡಲೇ ಹೇಳಬೇಕು. ತೂತಿಗೆ ಆ ನಳಿಕೆಯೇ ಬಿರಡೆ. ಕೆನಡಾದ ಮಾಂಟ್ರಿಯಲ್‌ನ ವೈದ್ಯರು 2008ರಲ್ಲಿ ತಮ್ಮಲ್ಲಿ ಆದ ಇಂಥ ಪ್ರಕರಣಗಳನ್ನು ಒಟ್ಟುಮಾಡಿ ಬರೆದರು. ಎಳೆದು ಒತ್ತಿದವರಿಗೆ ಆಮೇಲೆ ದೊಡ್ಡ ತೊಂದರೆಗಳಾದವು, ಬಿಟ್ಟು ಸರಿಯಾಗಿ ರಿಪೇರಿ ಮಾಡಿಸಿದವರು ಪಾರಾದರು. ನಾನು ಮೇಲೆ ಹೇಳಿದ ಅಮೆರಿಕದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆ ರಾತ್ರಿ ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ತಿಂಗಳುಗಳ ನಂತರ, ಒಂದು ತರಬೇತಿಯಲ್ಲಿ. ಸ್ಲೈಡ್ ನೋಡುತ್ತಾ ಕೂತಲ್ಲೇ ಕೈ ತಣ್ಣಗಾಯಿತು.

ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ರಕ್ತನಾಳದ ಸರ್ಜನ್ ಎಲ್ಲಿಂದ ಬರಬೇಕು? ಬರುವುದಿಲ್ಲ. ಅದಕ್ಕೇ ಒಂದು ನಂಬರ್ ಬೇಕು. ಕೋವಿಡ್ ಕಾಲದಲ್ಲಿ ಟೆಲಿ ಐಸಿಯು ನಡೆಸಿ ಜಿಲ್ಲೆಗಳ ಡಾಕ್ಟರುಗಳಿಗೆ ಬೆಂಗಳೂರಿನಿಂದ ಸಲಹೆ ಕೊಡಿಸಿದ್ದಿರಿ. ಜಯದೇವ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ. ಇಂಥ ಕಡೆಯ ತಜ್ಞರು ಸರದಿಯಲ್ಲಿ ಫೋನ್ ಎತ್ತುವಂತೆ ಮಾಡಿ. ಲೈನ್ ತೆಗೆಯದೆ ರೋಗಿಯನ್ನು 108ರಲ್ಲಿ ಸಾಗಿಸುವುದು ಹೇಗೆ ಅಂತ ಅವರು ಹೇಳಿಕೊಡಲಿ. "ಎಳೀಬೇಡಿ" ಅನ್ನುವ ಒಂದೇ ಪದಕ್ಕಾಗಿ ಆ ಫೋನ್ ಇದ್ದರೂ ಸಾಕು.

ಕೊನೆಗೆ ಸುಳ್ಳಿನ ವಿಷಯ. ಇದನ್ನು ಬರೆಯಲು ನನಗೆ ಸುಲಭ ಇಲ್ಲ, ಯಾಕೆಂದರೆ ನಾನೂ ಅದರಲ್ಲಿ ಪಾಲುದಾರಳು. ಲೈನ್ ತಪ್ಪು ಜಾಗಕ್ಕೆ ಹೋಗುವುದು ಒಳ್ಳೆಯ ಕೈಗಳಲ್ಲೂ ಆಗುತ್ತದೆ, ಅಪರೂಪಕ್ಕೆ. ಆದರೆ ಕೇಸ್ ಶೀಟಿನಲ್ಲಿ ಅದನ್ನು ಬರೆಯದೆ ಇರುವುದು ಕೈ ತಪ್ಪಿ ಆಗುವುದಲ್ಲ. ಬರೆಯದಿದ್ದರೆ ಲೆಕ್ಕ ಸಿಗುವುದಿಲ್ಲ. ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ಹೀಗಾಗುತ್ತವೆ ಅಂತ ನಿಮ್ಮ ಇಲಾಖೆಯನ್ನು ಯಾರಾದರೂ ಕೇಳಿದರೆ ಯಾವ ಕಡತ ತೆಗೆದು ತೋರಿಸುತ್ತೀರಿ?

2002ರ ವೈದ್ಯರ ನಡತೆಯ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ರೋಗಿಗೆ ದಾಖಲೆ ಕೊಡಬೇಕು. ಖಾಸಗಿ ಆಸ್ಪತ್ರೆಗಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ, ದೂರು ಕೇಳಲು ಜಿಲ್ಲಾ ಮಟ್ಟದ ಪ್ರಾಧಿಕಾರವೂ ಇದೆ. ಸರಿ. ಆದರೆ ದಾಖಲೆಯಲ್ಲೇ ನಿಜ ಇಲ್ಲದಿದ್ದರೆ ಅದನ್ನು 72 ಗಂಟೆಯಲ್ಲಿ ಕೊಟ್ಟರೇನು, 7 ಗಂಟೆಯಲ್ಲಿ ಕೊಟ್ಟರೇನು? ನನ್ನ ಮನವಿ ಇದು. ಸರ್ಕಾರಿ ಇರಲಿ ಖಾಸಗಿ ಇರಲಿ, ಆರ್ಟರಿಗೆ ಹೋದ ಪ್ರತಿ ಲೈನ್, ಒಳಗೆ ಉಳಿದ ಪ್ರತಿ ತಂತಿಯನ್ನು ಹೆಸರಿಲ್ಲದೆ ಇಲಾಖೆಗೆ ವರದಿ ಮಾಡುವ ಒಂದು ಫಾರಂ ತನ್ನಿ. ವರದಿ ಮಾಡಿದ ಡಾಕ್ಟರ್ ಅಥವಾ ನರ್ಸ್ ಮೇಲೆ ಆ ವರದಿಯನ್ನೇ ಹಿಡಿದು ಕ್ರಮ ಜರುಗಿಸುವಂತಿರಬಾರದು. ಮುಚ್ಚಿಟ್ಟವರ ಮೇಲೆ ಜರುಗಿಸಿ. ಮನೆಯವರಿಗೆ ಅದೇ ದಿನ, ಕೂತು, ಅವರ ಭಾಷೆಯಲ್ಲಿ ಹೇಳಬೇಕು ಅಂತ ಕಡ್ಡಾಯ ಮಾಡಿ. ಹೇಳಿದರೆ ಹೊಡೆಯುತ್ತಾರೆ ಅಂತ ಡಾಕ್ಟರುಗಳು ಹೆದರುತ್ತಾರೆ. ಅದು ಸುಳ್ಳು ಭಯವಲ್ಲ, ಐಸಿಯು ಬಾಗಿಲ ಗಾಜು ಒಡೆದದ್ದನ್ನು ನಾನೇ ಗುಡಿಸಿದ್ದೇನೆ. ಹಾಗಾಗಿ ಹೇಳುವಾಗ ಜೊತೆಗೆ ಒಬ್ಬ ಸೀನಿಯರ್ ಇರಲೇಬೇಕು. ಫೋನಿನಲ್ಲಿ ಅಲ್ಲ, ಎದುರಿಗೆ.

ಪಿಜಿಗಳ ಡ್ಯೂಟಿ ಗಂಟೆಗಳ ಬಗ್ಗೆ, ಗೊಂಬೆಯ ಮೇಲೆ ಅಭ್ಯಾಸ ಆಗದೆ ರೋಗಿಯ ಮೇಲೆ ಮೊದಲ ಲೈನ್ ಹಾಕಿಸುವ ಬಗ್ಗೆ ವೈದ್ಯಕೀಯ ಶಿಕ್ಷಣ ಸಚಿವರಿಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ನಿಮ್ಮ ಮಕ್ಕಳ ವಯಸ್ಸಿನವರು ಅವರು. ಒಂದು ದಿನ ರಾತ್ರಿ ಎರಡು ಗಂಟೆಗೆ ಯಾವುದಾದರೂ ಐಸಿಯುಗೆ ಹೇಳದೆ ಬನ್ನಿ. ಅಲ್ಟ್ರಾಸೌಂಡ್ ಎಲ್ಲಿದೆ, ಕೀ ಯಾರ ಹತ್ತಿರ ಇದೆ ಅಂತ ಕೇಳಿ.

ಈ ಪತ್ರಕ್ಕೆ ಇಲಾಖೆಯಿಂದ ಕರೆ ಬಂದರೆ ನನ್ನ ಹೆಸರು, ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೊಡುತ್ತೇನೆ. ಆ ರಾತ್ರಿ ನಾನು ಕಂಡಿದ್ದನ್ನು ಬರೆದು ಸಹಿ ಮಾಡುತ್ತೇನೆ. ಬಾಟ್ಲಿ ಮೇಲೆ ಕಟ್ಟಿದ್ದನ್ನೂ, ಆ ಹುಡುಗಿಗೆ ಉತ್ತರ ಕೊಡದೆ ಒಳಗೆ ಹೋದದ್ದನ್ನೂ ಸೇರಿಸಿ. ಈ ತಿಂಗಳು ನನಗೆ ನೈಟ್ ಡ್ಯೂಟಿ. ಬೆಳಗ್ಗೆ ಒಂಬತ್ತರ ಮೇಲೆ ಯಾವ ದಿನವಾದರೂ ಬರಬಲ್ಲೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಐಸಿಯು ಸ್ಟಾಫ್ ನರ್ಸ್